ಬೆಳಕಿಗೂ ತಿರುಗಿಸುವ ಬಲವಿದೆ

ಕೇಳುಗರಿಗೆ ನಮಸ್ಕಾರ.

ಬೆಳಕು ತಾನು ಬಿದ್ದ ವಸ್ತುವನ್ನು ತುಸು ತಳ್ಳುತ್ತದೆ. ಧೂಮಕೇತುವಿನ ಧೂಳಿನ ಬಾಲ ಸೂರ್ಯನಿಂದ ಆಚೆಗೆ ಚಾಚಿಕೊಳ್ಳುವುದು ಹೀಗೇ. ಆದರೆ ಬೆಳಕು ತಿರುಗಿಸಲೂ ಬಲ್ಲದು, ಗೊತ್ತಾ?

1936ರಲ್ಲಿ ರಿಚರ್ಡ್ ಬೆತ್ ಎಂಬ ವಿಜ್ಞಾನಿ ಸ್ಫಟಿಕದ ಬಿಲ್ಲೆಯೊಂದನ್ನು ಸಣ್ಣ ಎಳೆಯಲ್ಲಿ ನೇತುಹಾಕಿ, ವಿದ್ಯುತ್ ಕ್ಷೇತ್ರ ಗಿರ್ರನೆ ಸುತ್ತುತ್ತಾ ಸಾಗುವಂಥ ಬೆಳಕನ್ನು ಅದರೊಳಗೆ ಹಾಯಿಸಿದರು. ಬಿಲ್ಲೆ ಒಂಚೂರು ತಿರುಗಿತು. ತಿರುಗಿಸುವ ಈ ಗುಣಕ್ಕೆ ಕೋನೀಯ ಸಂವೇಗ ಅಂತ ಹೆಸರು, ಅದರಲ್ಲಿ ಈ ಬಗೆಯದಕ್ಕೆ ಸ್ಪಿನ್ ಅಂತಾರೆ. ಬೆಳಕಿನ ಒಂದು ಕಣಕ್ಕೆ, ಅಂದರೆ ಒಂದು ಫೋಟಾನಿಗೆ, ಎಡಕ್ಕೋ ಬಲಕ್ಕೋ ಇದರ ಒಂದೇ ಪಾಲು, ಅದಕ್ಕಿಂತ ಜಾಸ್ತಿ ಇಲ್ಲ.

1992ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಲೆಸ್ ಅಲೆನ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದರು. ಲೇಸರ್ ಕಿರಣದ ಅಲೆಯ ಮುಖ ಚಪ್ಪಟೆಯಾಗಿರದೆ ತಿರುಪುಮೊಳೆಯ ಹಾಗೆ ಸುತ್ತಿಕೊಂಡು ಹೋದರೆ, ಬೆಳಕಿನ ಸಂವೇಗ, ಅಂದರೆ ಅದರ ತಳ್ಳುವ ಗುಣ, ನೇರವಾಗಿ ಮುಂದಕ್ಕಷ್ಟೇ ಅಲ್ಲ, ಕಿರಣದ ನಡುಗೆರೆಯ ಸುತ್ತಲೂ ಸ್ವಲ್ಪ ವಾಲುತ್ತದೆ. ಒಂದು ಅಲೆಯುದ್ದದಲ್ಲಿ ಮೂರು ಎಳೆ ಹೆಣೆದುಕೊಂಡಿದ್ದರೆ ಫೋಟಾನಿಗೆ ಮೂರು ಪಾಲು, ಹತ್ತಿದ್ದರೆ ಹತ್ತು. ನಟ್ಟನಡುವೆ ಮಾತ್ರ ಅಲೆಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಅಲ್ಲಿ ಕತ್ತಲು, ಸುತ್ತ ಬೆಳಕಿನ ಉಂಗುರ.

ಆ ಕತ್ತಲೇ ಮುಂದೆ ಉಪಯೋಗಕ್ಕೆ ಬಂತು! 1995ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ತಾಮ್ರದ ಆಕ್ಸೈಡಿನ ಕಪ್ಪು ಕಣಗಳನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟು ಇಂಥ ಕಿರಣ ಬಿಟ್ಟಿತು. ಕಪ್ಪು ಕಣ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಬೆಳಕು ಅದನ್ನು ದೂಡುತ್ತದೆ. ಸುತ್ತಲಿಂದಲೂ ದೂಡಿಸಿಕೊಂಡ ಕಣ ನಡುವಿನ ಕತ್ತಲಲ್ಲಿ ಸಿಕ್ಕಿಕೊಂಡು, ಅಲ್ಲೇ ತಿರುಗತೊಡಗಿತು. ಹೀರಿದ ಬೆಳಕಿನ ಜೊತೆ ಅದರ ಸಂವೇಗವೂ ಕಣಕ್ಕೆ ಬಂದಿತ್ತಲ್ವಾ.

ನನಗೆ ತುಂಬಾ ಇಷ್ಟವಾದ ಪ್ರಯೋಗ 1997ರದ್ದು. ಸ್ಕಾಟ್ಲೆಂಡಿನ ವಿಜ್ಞಾನಿಗಳು ಒಂದೇ ಎಳೆಯ ತಿರುಚು ಕಿರಣದಲ್ಲಿ ಟೆಫ್ಲಾನ್ ಕಣ ಹಿಡಿದು, ಅದೇ ಕಿರಣಕ್ಕೆ ಸ್ಪಿನ್ ಕೂಡ ಕೊಟ್ಟರು. ಎರಡೂ ಒಂದೇ ದಿಕ್ಕಿಗಿದ್ದಾಗ ಕಣ ತಿರುಗಿತು. ಸ್ಪಿನ್ನನ್ನು ಎದುರು ದಿಕ್ಕಿಗೆ ತಿರುಗಿಸಿದ ಕೂಡಲೇ ನಿಂತೇಬಿಟ್ಟಿತು. ಒಂದರಲ್ಲಿ ಒಂದು ಕಳೆದರೆ ಸೊನ್ನೆ! ಕಾಗದದ ಮೇಲಿನ ಲೆಕ್ಕ ಕಣ್ಣೆದುರೇ ನಡೆಯಿತು, ಎರಡು ಬಗೆಯ ಸಂವೇಗವೂ ಕಣದ ಮಟ್ಟಿಗೆ ಒಂದೇ ಅಂತ ಖಚಿತವಾಯಿತು.

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇಪ್ಪತ್ತೆರಡರ ಹರೆಯದ ಎಸ್. ಪಂಚರತ್ನಂ, ಬೆಳಕಿನ ಧ್ರುವೀಕರಣ, ಅಂದರೆ ಅದರ ವಿದ್ಯುತ್ ಕ್ಷೇತ್ರ ಕಂಪಿಸುವ ಬಗೆ, ಹಂತಹಂತವಾಗಿ ಬದಲಾಗಿ ಮೊದಲಿನ ಸ್ಥಿತಿಗೇ ಮರಳಿದರೂ ಅಲೆಯ ಹೆಜ್ಜೆ ಮಾತ್ರ ಸ್ವಲ್ಪ ಸರಿದಿರುತ್ತದೆ ಎಂದು ಕಂಡುಕೊಂಡರು. ಐವತ್ತು ವರ್ಷಗಳ ನಂತರ ಇಟಲಿಯ ನೇಪಲ್ಸ್‌ನಲ್ಲಿ ಅದೇ ತತ್ವದ ಮೇಲೆ ದ್ರವ ಹರಳಿನ ಒಂದು ತೆಳು ಫಲಕ ತಯಾರಾಯಿತು. ಸ್ಪಿನ್ ಇರುವ ಮಾಮೂಲಿ ಬೆಳಕು ಅದರೊಳಗೆ ಹೊಕ್ಕರೆ, ಹೊರಬರುವಾಗ ತಿರುಚಿಕೊಂಡೇ ಬರುತ್ತದೆ.