ಆಟಕ್ಕೆ ಹೊರಡುವ ಮುಂಚೆ ಕನ್ನಡಿ ನೋಡಿ

ಎಲ್ಲರಿಗೂ ನಮಸ್ಕಾರ. ವೀಲ್‌ಚೇರ್‌ನಲ್ಲಿ ಕೂತಿರುವವರಿಗೆ ಮೊದಲು ಒಂದು ಪ್ರಶ್ನೆ. ಹೀಗೆ ಅಲ್ಲಾಡದೆ ಎಷ್ಟು ಹೊತ್ತಿನಿಂದ ಕೂತಿದ್ದೀರಿ? ಒಂದೇ ಜಾಗದ ಮೇಲೆ ಭಾರ ಬಿದ್ದು ಹುಣ್ಣಾಗಬಾರದಲ್ಲ, ಅರ್ಧ ಗಂಟೆ ಆಗಿದ್ದರೆ ಈಗಲೇ ಮುಂದಕ್ಕೆ ಬಾಗಿ, ಎದೆ ತೊಡೆಯ ಹತ್ತಿರ ಬರಲಿ. ಮೈ ತೂಕ ತಡೆಯಲು ಆಗದವರನ್ನು ಪಕ್ಕದವರು ಹಿಡಿದುಕೊಳ್ಳಿ. ಎರಡು ನಿಮಿಷ ಹಾಗೇ ಇರಿ, ನಾನು ಮಾತು ಮುಂದುವರಿಸುತ್ತೇನೆ.

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗನೊಬ್ಬ ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುತ್ತಿದ್ದ. ಕೂರುವ ಕಡೆಯ ಮೂಳೆಯ ಮೇಲೆ ಹುಣ್ಣಾಗಿ ಎರಡು ಸಲ ಆಸ್ಪತ್ರೆ ಸೇರಿದ್ದ. ಹುಣ್ಣು ಪೂರ್ತಿ ಮಾಗಿದ ಮೇಲೆ ಬಾಸ್ಕೆಟ್‌ಬಾಲ್ ಆಡಿಸೋಣ ಅಂದೆ. ಅವನ ತಾಯಿ, "ಪಟ್ಟ ಪಾಡು ಸಾಲದಾ ಸಾರ್, ಆಟ ಬೇರೆ ಯಾಕೆ?" ಅಂದರು. ದಿನಾ ಮಗನ ಹುಣ್ಣು ತೊಳೆದವರು ಅವರು. ಆ ಭಯ ಸುಮ್ನೆ ಬಂದದ್ದಲ್ಲ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ವೈದ್ಯ ಲುಡ್‌ವಿಗ್ ಗುಟ್‌ಮನ್ ಬೆನ್ನುಹುರಿ ವಿಭಾಗ ಶುರು ಮಾಡಿದಾಗ, ಇಂಥ ರೋಗಿಗಳು ಹೆಚ್ಚು ದಿನ ಬದುಕುವುದಿಲ್ಲ ಎಂದೇ ವೈದ್ಯರು ನಂಬಿದ್ದರು. ಸಾಯುತ್ತಿದ್ದದ್ದು ಹೆಚ್ಚಾಗಿ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. ಗುಟ್‌ಮನ್ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿದರು. ಕೈಗೆ ಚೆಂಡು ಕೊಟ್ಟರು, ಬಿಲ್ಲು ಕೊಟ್ಟರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, 16 ಜನ ವೀಲ್‌ಚೇರ್‌ನಲ್ಲಿ ಕೂತು ಬಾಣ ಹೊಡೆದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. 1965ರ ಯುದ್ಧದಲ್ಲಿ ಗುಂಡು ತಗುಲಿದ ನಮ್ಮ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಈಜಿ ಚಿನ್ನ ಗೆದ್ದರು.

ಆಟ ಆಡುವವರಿಗೆ ತೊಂದರೆ ಕಡಿಮೆಯೇ? ಹಾಗೆ ತೋರಿಸಿದ ಅಧ್ಯಯನಗಳಿವೆ. ಆದರೆ ಆಟದಿಂದ ಹುಣ್ಣು ಕಡಿಮೆಯಾಯಿತೋ, ಹುಣ್ಣಿಲ್ಲದವರೇ ಆಟಕ್ಕೆ ಬಂದರೋ? ಬಿಡಿಸಿ ಹೇಳುವುದು ಕಷ್ಟ. ನಾನು ಕಣ್ಣಾರೆ ಕಂಡದ್ದು ಇಷ್ಟು. ಅಮ್ಮ ನೂರು ಸಲ ಹೇಳಿದರೂ ಮೈ ನೋಡಿಕೊಳ್ಳದ ಆ ಹುಡುಗ, ಭಾನುವಾರದ ಪ್ರಾಕ್ಟೀಸ್ ತಪ್ಪಬಾರದು ಅಂತ ರಾತ್ರಿ ಉದ್ದ ಹಿಡಿಯ ಕನ್ನಡಿ ಹಿಡಿದು ಕೂರುವ ಜಾಗದ ಚರ್ಮ ನೋಡಿಕೊಂಡೇ ಮಲಗುತ್ತಿದ್ದ. ಕೆಂಪು ಕಂಡರೆ ಬೆರಳಿನಿಂದ ಒತ್ತುತ್ತಿದ್ದ. ಒತ್ತಿದಾಗ ಬಿಳಿಚದೆ ಕೆಂಪಾಗೇ ಉಳಿದರೆ ಮರುದಿನ ಆ ಜಾಗದ ಮೇಲೆ ಕೂರುತ್ತಿರಲಿಲ್ಲ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಬಿಸಿ ಅಥವಾ ಗಟ್ಟಿ ಅನ್ನಿಸುತ್ತಾ ಮುಟ್ಟಿ ನೋಡಬೇಕು.

ಎರಡು ನಿಮಿಷ ಆಯಿತು, ನೆಟ್ಟಗೆ ಕೂರಬಹುದು.

ಆಟಕ್ಕೂ ಅದರದ್ದೇ ಅಪಾಯಗಳಿವೆ. ನಿಮಗೆ ಭುಜವೇ ಕಾಲು. ಗಾಲಿ ತಳ್ಳುವುದೂ ಅದೇ, ಹಾಸಿಗೆಗೆ ದಾಟಿಸುವುದೂ ಅದೇ. ನೋವಿದ್ದಾಗ ಹಟಕ್ಕೆ ಬಿದ್ದು ಆಡಬೇಡಿ. ಪೆಟ್ಟಾದ ಮಟ್ಟದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಹಾಗಾಗಿ ಬಿಸಿಲಲ್ಲಿ ಮೈ ಬೇಗ ಕಾಯುತ್ತದೆ. ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಕ್ಯಾತಿಟರ್ (ಮೂತ್ರ ತೆಗೆಯುವ ಟ್ಯೂಬ್) ಹಾಕುವ ರಗಳೆ ಬೇಡ ಅಂತ ನೀರು ಕುಡಿಯದೆ ಆಡುವವರು ಜಾಸ್ತಿ. ಸೋಂಕಿಗೆ ಅದೇ ದಾರಿ.

ಎದೆ ಭಾಗದ ಬೆನ್ನುಮೂಳೆಯ ಆರನೇ ಮಣಿ (ಕಶೇರು) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇದನ್ನು ಗಮನವಿಟ್ಟು ಕೇಳಿ. ಮೂತ್ರಚೀಲ ತುಂಬಿದರೆ, ಟ್ಯೂಬ್ ಮಡಚಿಕೊಂಡರೆ, ಬೆಲ್ಟ್ ಬಿಗಿಯಾದರೆ ಬಿ.ಪಿ. ಏಕಾಏಕಿ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ತಕ್ಷಣ ಆಟ ನಿಲ್ಲಿಸಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬೆಲ್ಟ್, ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಜೀವಕ್ಕೇ ಅಪಾಯ. ಹುರುಪು ಬರುತ್ತದೆ ಅಂತ ಬೇಕೆಂದೇ ಹೀಗೆ ಬಿ.ಪಿ. ಏರಿಸಿಕೊಂಡು ಆಡಿದವರೂ ಇದ್ದರು. ಪ್ಯಾರಾಲಿಂಪಿಕ್ ಸಮಿತಿ 1994ರಲ್ಲೇ ಅದನ್ನು ನಿಷೇಧಿಸಿತು.

ಶುರುವಿಗೆ ಪದಕದ ಯೋಚನೆ ಬೇಡ. ವಾರಕ್ಕೆ ಎರಡು ಸಲ, ಉಸಿರು ಜೋರಾಗುವಷ್ಟು 20 ನಿಮಿಷ ಸಾಕು. ಜೊತೆಗೆ ತೋಳು, ಭುಜ ಗಟ್ಟಿಯಾಗುವ ವ್ಯಾಯಾಮ.

ಹಿಂದಿನ ಮೇಜಿನ ಮೇಲೆ ಕನ್ನಡಿಗಳನ್ನು, ಎರಡು ಮೂರು ಬಗೆಯ ಕುಶನ್‌ಗಳನ್ನು ಇಟ್ಟಿದ್ದೇನೆ. ಮನೆಯವರೂ ಬನ್ನಿ, ಹಿಡಿದು ನೋಡುವುದು ಹೇಗೆ ಅಂತ ತೋರಿಸುತ್ತೇನೆ.