ಸಭೆಗೆ ಮುಂಚೆ ಸದಸ್ಯರ ಕೈಗೆ ಏನು ತಲುಪಬೇಕು?

ಕೇಳುಗರಿಗೆ ನಮಸ್ಕಾರ.

ನಮ್ಮ ಊರಿನ ನಗರಸಭೆಯದೋ ಪುರಸಭೆಯದೋ ಸಭೆ ನಡೆದ ಮರುದಿನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಒಂದೇ ತರದ ಸುದ್ದಿ ಬರುತ್ತದೆ. ಸದಸ್ಯರ ಗದ್ದಲ, ಅಧಿಕಾರಿಗಳಿಗೆ ತರಾಟೆ, ಸಭೆ ಮುಂದೂಡಿಕೆ. ಓದಿದವರು "ಇವರದ್ದು ಇದ್ದದ್ದೇ" ಎಂದು ಪುಟ ತಿರುಗಿಸುತ್ತಾರೆ. ನಾನು ಪುರಸಭೆಯೊಂದರ ಕಚೇರಿಯಲ್ಲಿ ಸಭೆಯ ಕಡತಗಳನ್ನು ಬಹಳ ವರ್ಷ ನೋಡಿಕೊಂಡವಳು. ನೋಟಿಸ್ ಟೈಪ್ ಮಾಡಿಸುವುದು, ಅಜೆಂಡಾ ಹಂಚುವುದು, ನಡಾವಳಿ ಬರೆಯುವುದು, ಇದೇ ನನ್ನ ಕೆಲಸ. ಅಲ್ಲಿ ಕೂತು ನೋಡಿದ್ದನ್ನು ಹೇಳುವುದಾದರೆ, ಆ ಗದ್ದಲದ ಬಹುಪಾಲು ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: "ಇದನ್ನು ನಮಗೆ ಮೊದಲೇ ಯಾಕೆ ಹೇಳಲಿಲ್ಲ?"

ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಕಚೇರಿಗಳಲ್ಲಿ ಸರಿಯಾದ ಉತ್ತರ ಇಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆಯೇ.

ಮೊದಲು ಅಜೆಂಡಾ ವಿಷಯ. ಸಭೆಗೆ ಮುಂಚಿತವಾಗಿ ಸದಸ್ಯರಿಗೆ ನೋಟಿಸ್ ಹೋಗಬೇಕು, ಅದರಲ್ಲಿ ಚರ್ಚೆಗೆ ಬರುವ ವಿಷಯಗಳು ಇರಬೇಕು ಎಂದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಹೇಳುತ್ತದೆ. ನಾವು ಆ ನೋಟಿಸನ್ನು ಮುದ್ದಾಂ ಮೂಲಕ ಕಳಿಸುತ್ತೇವೆ. ಅಟೆಂಡರ್ ಸೈಕಲ್ಲೋ ಬೈಕೋ ಹತ್ತಿ ಮನೆಮನೆಗೆ ಹೋಗಿ, ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುತ್ತಾನೆ. ಸಹಿ ಬಂತು ಅಂದರೆ ಕಚೇರಿಯ ಲೆಕ್ಕದಲ್ಲಿ ಸದಸ್ಯರಿಗೆ ಮಾಹಿತಿ ಕೊಟ್ಟಾಯಿತು. ಆದರೆ ಆ ಕಾಗದದಲ್ಲಿ ಏನಿರುತ್ತದೆ ಎಂದು ನೋಡಿ. ಉದಾಹರಣೆಗೆ ಒಂದು ಸಾಲು ಹೀಗಿರುತ್ತದೆ: "ವಾರ್ಡ್ ನಂಬರ್ 14ರಲ್ಲಿ ಸಿ.ಸಿ. ಚರಂಡಿ ನಿರ್ಮಾಣ ಕಾಮಗಾರಿಗೆ ಬಂದಿರುವ ಟೆಂಡರ್ ಅನುಮೋದಿಸುವ ಬಗ್ಗೆ." ಅಷ್ಟೇ.

ಯಾವ ಬೀದಿ? ಎಷ್ಟು ಮೀಟರ್? ಎಸ್ಟಿಮೇಟ್ ಎಷ್ಟು, ಗುತ್ತಿಗೆದಾರರು ಕೂಗಿದ ದರ ಅದಕ್ಕಿಂತ ಮೇಲೋ ಕೆಳಗೋ? ಎಷ್ಟು ಜನ ಟೆಂಡರ್ ಹಾಕಿದ್ದರು? ದುಡ್ಡು ಯಾವುದು, ಕೇಂದ್ರ ಹಣಕಾಸು ಆಯೋಗದ್ದೋ, ಎಸ್.ಎಫ್.ಸಿ. ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನವೋ, ಪುರಸಭೆಯ ಸ್ವಂತ ನಿಧಿಯೋ? ಅದೇ ಬೀದಿಯಲ್ಲಿ ಹೋದ ಸಲ ಚರಂಡಿ ಕಟ್ಟಿದ್ದರಾ? ಆ ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ? ಈ ಪ್ರಶ್ನೆಗಳಿಗೆಲ್ಲ ಉತ್ತರ ಕಡತದಲ್ಲಿ ಇದೆ. ಕಡತ ಎಂಜಿನಿಯರ್ ಶಾಖೆಯ ಬೀರುವಿನಲ್ಲಿದೆ. ಸದಸ್ಯರ ಕೈಯಲ್ಲಿರುವುದು ಆ ಒಂದು ಸಾಲು. ಅದನ್ನು ಇಟ್ಟುಕೊಂಡು ಲಕ್ಷಾಂತರ ರೂಪಾಯಿಗೆ ಒಪ್ಪಿಗೆ ಕೊಡಿ ಎಂದು ಕೇಳುತ್ತೇವೆ. ಒಪ್ಪಿದರೆ ಕೈ ಎತ್ತುವ ಯಂತ್ರ ಅನ್ನುತ್ತಾರೆ, ಒಪ್ಪದಿದ್ದರೆ ಅಭಿವೃದ್ಧಿಗೆ ಅಡ್ಡಗಾಲು ಅನ್ನುತ್ತಾರೆ. ಅವರು ತಾನೇ ಏನು ಮಾಡಬೇಕು?

ಪ್ರತಿ ವಿಷಯದ ಕೆಳಗೆ ಐದಾರು ಸಾಲಿನ ಟಿಪ್ಪಣಿ ಹಾಕಿದರೆ ಸಾಕು, ಸಭೆಯ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ಆದೇಶ ಬೇಡ. ಕಡತ ಮಂಡಿಸುವ ಗುಮಾಸ್ತರು ಹೇಗೂ ಮೇಲಿನವರಿಗೆ ಒಂದು ಟಿಪ್ಪಣಿ ಬರೆದೇ ಇರುತ್ತಾರೆ. ಅದನ್ನೇ ಚಿಕ್ಕದಾಗಿ, ಸರಳ ಕನ್ನಡದಲ್ಲಿ ಅಜೆಂಡಾಕ್ಕೆ ಸೇರಿಸಬಹುದು.

ಅಜೆಂಡಾದ ಕೊನೆಯ ಸಾಲು ಇನ್ನೂ ಮುಖ್ಯ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು." ನಿಜವಾಗಿ ತುರ್ತಾದದ್ದು, ಅಂದರೆ ಬೋರ್‌ವೆಲ್ ಮೋಟಾರ್ ಸುಟ್ಟಿದ್ದು, ಮಳೆಗೆ ತಡೆಗೋಡೆ ಬಿದ್ದದ್ದು, ಇಂಥವಕ್ಕೆ ಆ ಬಾಗಿಲು ಬೇಕು. ಆದರೆ ಅದೇ ಬಾಗಿಲಿಂದ ನಿವೇಶನದ ವಿಷಯ, ಅಂಗಡಿ ಮಳಿಗೆ ಬಾಡಿಗೆಯ ವಿಷಯ ನುಗ್ಗಿ ಬಂದರೆ? ಸದಸ್ಯರು ಓದಿಲ್ಲ, ಕೇಳಿಲ್ಲ. ಸಂಜೆಯಾಗಿದೆ, ಅರ್ಧ ಜನ ಎದ್ದು ಹೋಗಿದ್ದಾರೆ. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ನಡಾವಳಿಯಲ್ಲಿ ಒಂದು ಸಾಲು. ಇದರ ಜೊತೆಗೆ ಘಟನೋತ್ತರ ಮಂಜೂರಾತಿ ಅಂತ ಇನ್ನೊಂದಿದೆ. ಕೆಲಸ ಮುಗಿದಿರುತ್ತದೆ, ಕೆಲವೊಮ್ಮೆ ಬಿಲ್ಲೂ ಪಾವತಿಯಾಗಿರುತ್ತದೆ. ಆಮೇಲೆ ಸಭೆಯ ಒಪ್ಪಿಗೆ ಕೇಳುತ್ತಾರೆ. ಅಪರೂಪಕ್ಕೆ ಒಮ್ಮೆ ಆದರೆ ಸರಿ. ಅಜೆಂಡಾದ ಒಂದು ಪುಟ ಪೂರ್ತಿ ಅದೇ ತುಂಬಿದ್ದರೆ, ಆ ಊರಿನ ಸದಸ್ಯರಿಗೆ ಯಾರೂ ಏನೂ ಹೇಳುತ್ತಿಲ್ಲ ಎಂದೇ ಅರ್ಥ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆಕ್ಟ್ ಎಂಬ ಕಾನೂನು 1953ರಿಂದ ಇದೆ. ಸ್ಥಳೀಯ ಸಂಸ್ಥೆಯ ಮಾಮೂಲಿ ಸಭೆಗೆ 72 ಗಂಟೆ ಮುಂಚೆ ಅಜೆಂಡಾವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಲೇಬೇಕು. ವಿಶೇಷ ಸಭೆಗೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ, ತುರ್ತು ಪರಿಸ್ಥಿತಿಯಂತಹ ಕೆಲವೇ ವಿನಾಯಿತಿ ಬಿಟ್ಟರೆ, ತೀರ್ಮಾನ ಮಾಡುವ ಹಾಗೇ ಇಲ್ಲ. ಅಲ್ಲಿ ಫ್ರೀಮಾಂಟ್, ಸನ್ನಿವೇಲ್ ಕಡೆ ನೆಲೆಸಿರುವ ನಮ್ಮ ಕನ್ನಡದವರು ತಮ್ಮ ಊರಿನ ಸಭೆಯ ಕಾಗದಪತ್ರವನ್ನು ಮನೆಯಲ್ಲೇ ಕೂತು ಮುಂಚಿತವಾಗಿ ಓದಬಹುದು. ಜೊತೆಗೆ ಅಲ್ಲಿನ ಅನೇಕ ಊರುಗಳಲ್ಲಿ ಸಿಟಿ ಮ್ಯಾನೇಜರ್ ಎಂಬ ಅಧಿಕಾರಿ ಇರುತ್ತಾರೆ, ನಮ್ಮ ಕಮಿಷನರ್ ಇದ್ದಂತೆ. ಅವರು ವಾರಕ್ಕೊಮ್ಮೆ ಸದಸ್ಯರಿಗೆ ಒಂದು ಪತ್ರ ಬರೆಯುವ ರೂಢಿ ಎಷ್ಟೋ ಕಡೆ ಇದೆ: ಯಾವ ರಸ್ತೆ ಅಗೆಯುತ್ತಿದ್ದೇವೆ, ಯಾವುದು ತಡವಾಗಿದೆ, ಮುಂದಿನ ಸಭೆಗೆ ಏನು ಬರುತ್ತದೆ.

ಅಲ್ಲಿಯವರು ನಮಗಿಂತ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಲಾಸ್ ಏಂಜಲಿಸ್ ಹತ್ತಿರದ ಬೆಲ್ ಎಂಬ ಪುಟ್ಟ ಊರಿನಲ್ಲಿ ಮುಖ್ಯ ಆಡಳಿತಾಧಿಕಾರಿ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದದ್ದು 2010ರಲ್ಲಿ ಬಯಲಾಯಿತು. ಅಲ್ಲಿನ ಸದಸ್ಯರಲ್ಲೂ ಕೆಲವರು ಜೈಲು ಕಂಡರು. ಕಾನೂನು ಇದ್ದೂ ಹಾಗಾಯಿತು. ಆದರೆ ವ್ಯವಸ್ಥೆಯಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಸಿಟಿ ಮ್ಯಾನೇಜರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೂ ಕೌನ್ಸಿಲ್, ಕಳಿಸುವುದೂ ಕೌನ್ಸಿಲ್. ನಮ್ಮಲ್ಲಿ ಕಮಿಷನರ್, ಮುಖ್ಯಾಧಿಕಾರಿ ಇವರನ್ನು ಹಾಕುವುದು, ವರ್ಗ ಮಾಡುವುದು ಎಲ್ಲ ರಾಜ್ಯ ಸರ್ಕಾರ. ಜಿಲ್ಲಾಧಿಕಾರಿ ಕಚೇರಿ ಪ್ರಗತಿ ವರದಿ ಕೇಳಿದರೆ ಸಂಜೆಯೊಳಗೆ ಹೋಗುತ್ತದೆ. ವಾರ್ಡ್ ಸದಸ್ಯರು ಅದನ್ನೇ ಕೇಳಿದರೆ "ಕೊಡೋಣ ಇರಿ" ಅನ್ನುತ್ತೇವೆ. ಕಚೇರಿಯಲ್ಲಿ ಮಾಹಿತಿ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ನಾನು ದಿನಾ ನೋಡಿದ್ದೇನೆ. ಅದು ಮೇಲಕ್ಕೆ ಬೇಗ ಹೋಗುತ್ತದೆ, ಪಕ್ಕದ ಸಭಾಂಗಣಕ್ಕೆ ಬರುವುದಿಲ್ಲ.

ಇನ್ನು ಕಾಮಗಾರಿಗಳ ವಿಷಯ. ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಒಂದು ಊರಲ್ಲಿ ನಡೆಯುವ ಕೆಲಸಗಳೆಲ್ಲ ನಗರಸಭೆಯವಲ್ಲ. ಕುಡಿಯುವ ನೀರಿನ ದೊಡ್ಡ ಯೋಜನೆ, ಒಳಚರಂಡಿ ಇವನ್ನು ಬಹಳ ಕಡೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ. ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು. ಕಂಬ, ತಂತಿ ವಿದ್ಯುತ್ ಕಂಪನಿಯದು. ಕೇಬಲ್ ಹಾಕುವವರು ಬೇರೆ. ಡಾಂಬರು ಹಾಕಿದ ರಸ್ತೆಯನ್ನು ವಾರ ಕಳೆಯುವುದರೊಳಗೆ ಮತ್ತೊಬ್ಬರು ಬಂದು ಅಗೆದರೆ ಜನ ಯಾರ ಮನೆ ಬಾಗಿಲಿಗೆ ಹೋಗುತ್ತಾರೆ? ಅದೇ ಬೀದಿಯಲ್ಲಿ ಇರುವ ಸದಸ್ಯರ ಮನೆಗೆ. ಅವರಿಗೂ ಆ ಜೆಸಿಬಿ ಕಂಡ ಮೇಲೆಯೇ ಗೊತ್ತಾಗಿರುತ್ತದೆ.

ಸ್ಮಾರ್ಟ್ ಸಿಟಿ ಯೋಜನೆ ಇದಕ್ಕೆ ದೊಡ್ಡ ಉದಾಹರಣೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದೇಶದ 100 ನಗರಗಳು. ಕರ್ನಾಟಕದಿಂದ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು, ಹೀಗೆ 7. ಕೆಲಸ ಮಾಡಿಸಿದ್ದು ಪಾಲಿಕೆಯಲ್ಲ, ಪ್ರತಿ ನಗರಕ್ಕೂ ಒಂದೊಂದು ಕಂಪನಿ ಕಟ್ಟಿದರು. ಅದರ ಷೇರು ರಾಜ್ಯಕ್ಕೆ ಅರ್ಧ, ಪಾಲಿಕೆಗೆ ಅರ್ಧ. ತೀರ್ಮಾನ ಮಾತ್ರ ಕಂಪನಿಯ ನಿರ್ದೇಶಕರ ಮಂಡಳಿಯಲ್ಲಿ. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಿದರೆ "ಅದು ಸ್ಮಾರ್ಟ್ ಸಿಟಿಯವರದ್ದು" ಎಂಬ ಉತ್ತರ. ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಆದರೆ ಹಾಕಿದ ಕಲ್ಲು, ನೆಟ್ಟ ದೀಪ, ಕಟ್ಟಿದ ಪಾರ್ಕಿಂಗ್ ಕಟ್ಟಡ ಇವುಗಳ ನಿರ್ವಹಣೆ ಯಾರ ತಲೆಗೆ? ಪಾಲಿಕೆಯ ತಲೆಗೇ ಅಲ್ವಾ? ಕಟ್ಟುವಾಗ ಕೇಳದವರಿಗೆ ಕಾಪಾಡುವ ಹೊಣೆ ಬಿತ್ತು. ಈಗಲಾದರೂ ಸದಸ್ಯರು ಕೇಳಬೇಕಾದದ್ದು ಇದು: ಯಾವ ಕೆಲಸದ ದೋಷ ಹೊಣೆ ಅವಧಿ ಯಾವಾಗ ಮುಗಿಯುತ್ತದೆ? ಅದರೊಳಗೆ ಕಲ್ಲು ಎದ್ದರೆ ಗುತ್ತಿಗೆದಾರರೇ ಸರಿಮಾಡಬೇಕು. ಮುಗಿದ ಮರುದಿನದಿಂದ ಊರಿನ ತೆರಿಗೆ ದುಡ್ಡು ಹೋಗುತ್ತದೆ.

ಹಾಗಾದರೆ ಸದಸ್ಯರ ಕೈಗೆ ಏನು ಕೊಡಬೇಕು? ನನ್ನ ಅನುಭವದಲ್ಲಿ ವಾರ್ಡಿಗೆ ಒಂದೇ ಒಂದು ಹಾಳೆ, ಹದಿನೈದು ದಿನಕ್ಕೊಮ್ಮೆ. ಕೆಲಸದ ಹೆಸರು, ಜಾಗ, ಮೊತ್ತ, ಅನುದಾನ, ಗುತ್ತಿಗೆದಾರರು, ಶುರುವಾದ ದಿನ, ಮುಗಿಯಬೇಕಾದ ದಿನ. ಯಾವ ಇಲಾಖೆ ಮಾಡಿಸಿದರೂ ಅದರಲ್ಲಿ ಬರಬೇಕು. ಕೊನೆಯಲ್ಲಿ ಒಂದು ಕಾಲಂ, "ಯಾಕೆ ನಿಂತಿದೆ?" ಈ ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ. "ಕೆಲಸ ಪ್ರಗತಿಯಲ್ಲಿದೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಪೈಪ್ ಹಾಕಿ ಆಗಿದೆ, ಒಂದು ಕಂಬ ಅಡ್ಡ ಇದೆ, ಸರಿಸಲು ವಿದ್ಯುತ್ ಕಂಪನಿಗೆ ಹಣ ಕಟ್ಟಬೇಕು, ಕಡತ ಲೆಕ್ಕ ಶಾಖೆಯಲ್ಲಿದೆ" ಎಂದು ಬರೆದರೆ ಸದಸ್ಯರು ನೇರ ಲೆಕ್ಕ ಶಾಖೆಗೆ ಬರುತ್ತಾರೆ. ಬೀದಿಯವರು ಕೇಳಿದರೆ ಉತ್ತರ ಕೊಡುತ್ತಾರೆ. ಕಿರಿಯ ಎಂಜಿನಿಯರ್ ಮೇಲೆ ಕೂಗಾಡುವ ಪ್ರಸಂಗವೇ ಬರುವುದಿಲ್ಲ.

ಈಗ ಎಲ್ಲ ಕಡೆ ವಾಟ್ಸಾಪ್ ಗ್ರೂಪ್ ಇದೆ. ಒಳ್ಳೆಯದೇ. ಇವತ್ತು ಯಾವ ಏರಿಯಾಕ್ಕೆ ನೀರು ಬರುವುದಿಲ್ಲ ಎಂದು ತಿಳಿಸಲು ಅದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ಶುಭೋದಯ, ಹುಟ್ಟುಹಬ್ಬದ ಹಾರೈಕೆಗಳ ನಡುವೆ ಸಭೆಯ ನೋಟಿಸ್ ಹಾಕಿ "ನೋಡಿದ್ದಾರಲ್ಲ, ನೀಲಿ ಟಿಕ್ ಬಂದಿದೆ" ಎನ್ನುವುದು ಸರಿಯಲ್ಲ. ನೋಟಿಸಿಗೆ ಕಾಗದವೇ ಬೇಕು. ಸಹಿಯೂ ಬೇಕು.

ಸಹಿ ಎಂದಾಗ ಹೇಳಲೇಬೇಕಾದ ಒಂದು ಮಾತಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ನಗರಗಳ ಸಭೆಗಳಲ್ಲಿ ಮೂರನೇ ಒಂದಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿಗೆ ಸ್ಥಾನ ಕೊಟ್ಟದ್ದು ಅದೇ. ಗೆದ್ದವರು ಹೆಂಗಸರು. ಆದರೆ ನೋಟಿಸ್ ಹೋಗುವುದು ಎಷ್ಟೋ ಸಲ ಅವರ ಯಜಮಾನರ ಕೈಗೆ. ಎಂಜಿನಿಯರ್ ಫೋನ್ ಮಾಡುವುದು ಯಜಮಾನರಿಗೆ. "ಮೇಡಂ, ಸಾರ್‌ಗೆ ಎಲ್ಲ ಹೇಳಿದ್ದೀವಿ" ಎಂಬ ಮಾತು ನನ್ನ ಮೇಜಿನ ಮುಂದೆಯೇ ಎಷ್ಟು ಸಲ ಕೇಳಿದೆನೋ. ಒಬ್ಬ ಸದಸ್ಯೆ ಒಮ್ಮೆ ನನ್ನ ಹತ್ತಿರ ಬಂದು, ಅಜೆಂಡಾವನ್ನು ಮುಂದಿಟ್ಟು, "ಅಕ್ಕಾ, ಇದರಲ್ಲಿ ನನ್ನ ವಾರ್ಡಿನದು ಯಾವುದು, ಓದಿ ಹೇಳಿ" ಅಂದರು. ಓದಲು ಬಾರದವರಲ್ಲ ಅವರು. ನಮ್ಮ ಕಚೇರಿ ಭಾಷೆ ಅರ್ಥವಾಗಿರಲಿಲ್ಲ, ಅಷ್ಟೇ. ಕೂತು ಒಂದೊಂದೇ ವಿಷಯ ಬಿಡಿಸಿ ಹೇಳಿದೆ. ಆ ಸಭೆಯಲ್ಲಿ ಅವರು ಎದ್ದು ನಿಂತು, ತಮ್ಮ ಬೀದಿಯ ನೀರಿನ ಟ್ಯಾಂಕ್ ಬಗ್ಗೆ ಮೂರು ಪ್ರಶ್ನೆ ಕೇಳಿದರು. ಉತ್ತರ ಕೊಡಲು ಎಂಜಿನಿಯರ್ ಕಡತ ತರಿಸಬೇಕಾಯಿತು. ಮಾಹಿತಿ ಗೆದ್ದವರ ಕೈಗೇ ಹೋಗಬೇಕು, ಅವರ ಫೋನಿಗೇ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಇನ್ನೊಂದು ಕಷ್ಟದ ಕಾಲವೂ ಇದೆ. 2018ರಲ್ಲಿ ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಚುನಾವಣೆ ನಡೆದು ಸದಸ್ಯರು ಗೆದ್ದರು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ, 2020ರವರೆಗೂ ಅಲ್ಲಿ ಅಧ್ಯಕ್ಷರಿಲ್ಲ, ಸಾಮಾನ್ಯ ಸಭೆ ಇಲ್ಲ. ಗೆದ್ದವರಿಗೆ ವಾರ್ಡ್ ಇತ್ತು, ಜನರ ಬೈಗುಳ ಇತ್ತು, ಕೂತು ಮಾತಾಡಲು ಸಭೆ ಮಾತ್ರ ಇರಲಿಲ್ಲ. ಅಂಥ ಹೊತ್ತಿನಲ್ಲಿ ಅಧ್ಯಕ್ಷರ ಬದಲು ಆಡಳಿತ ನೋಡಿಕೊಳ್ಳುವ ಆಡಳಿತಾಧಿಕಾರಿಗಳು ವಾರ್ಡಿನ ಹಾಳೆಯನ್ನು ಕಳಿಸಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಸಭೆ ಇಲ್ಲದಿರುವಾಗಲೇ ಅದು ಇನ್ನೂ ಜಾಸ್ತಿ ಬೇಕು.

ಕೇಳುಗರೇ, ಇದರಲ್ಲಿ ನಿಮ್ಮ ಪಾತ್ರವೂ ಇದೆ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಚರಂಡಿ ಯಾವಾಗ ಎಂದು ಕೇಳುವುದರ ಜೊತೆಗೆ, "ಮುಂದಿನ ಸಭೆ ಯಾವಾಗ? ಅಜೆಂಡಾ ಬಂತಾ? ಒಂದು ಪ್ರತಿ ಕೊಡ್ತೀರಾ?" ಎಂದೂ ಕೇಳಿ. ಜನ ಕೇಳುತ್ತಾರೆ ಎಂದು ಗೊತ್ತಾದರೆ ಸದಸ್ಯರು ಕಚೇರಿಯನ್ನು ಕೇಳುತ್ತಾರೆ. ಕಚೇರಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಸದಸ್ಯರಿಗೂ ಇದೆ, ನಿಮಗೂ ಇದೆ. ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ತಮ್ಮದೇ ಕಚೇರಿಯ ಕಾಗದ ನೋಡಲು ಸದಸ್ಯರು ಅರ್ಜಿ ಹಾಕಬೇಕಾಗಿ ಬಂದರೆ ಅದು ಆ ಕಚೇರಿಗೆ ಗೌರವ ತರುವ ಸಂಗತಿಯಲ್ಲ.

ಬಜೆಟ್‌ಗೆ ಮುಂಚೆ ನಗರಸಭೆಗಳು ಪೂರ್ವಭಾವಿ ಸಭೆ ಕರೆಯುತ್ತವೆ. ಸಾರ್ವಜನಿಕರೂ ಹೋಗಿ ಸಲಹೆ ಕೊಡಬಹುದು. ಹೋಗುವವರು ಬಹಳ ಕಡಿಮೆ. ಹೋಗುವ ಮೊದಲು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಅರ್ಧಕ್ಕೆ ನಿಂತ ಕೆಲಸ ಯಾವುದು, ಎಂದಿನಿಂದ ನಿಂತಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ಪ್ರತಿ ಸದಸ್ಯರಿಗೆ ಕೊಡಿ, ಇನ್ನೊಂದು ಪ್ರತಿಯನ್ನು ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ನಮಸ್ಕಾರ.