ಬೇಸರ ಬಂದ ಪುಟಕ್ಕೊಂದು ಗೆರೆ: ಕತೆಗಾರರು ಹೇಗೆ ಓದುತ್ತಾರೆ?

ನಮಸ್ಕಾರ. ಮೊದಲು ಎರಡು ಸಾಲು ಓದುತ್ತೇನೆ, ಕೇಳಿ.

(ಪರದೆಯ ಮೇಲೆ ಎರಡು ಸಾಲು)

"ಅಪ್ಪನ ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು. ಕಸ ಗುಡಿಸುವಾಗ ಅವಳು ಅದನ್ನು ಮುಟ್ಟದೆ ಸುತ್ತ ಗುಡಿಸಿದಳು."

ಈ ವಿಡಿಯೋಗೆಂದು ನಾನೇ ಬರೆದ ಸಾಲುಗಳಿವು. ಅಪ್ಪ ಇನ್ನಿಲ್ಲ ಅಂತ ಎಲ್ಲೂ ಹೇಳಿಲ್ಲ. ಆದರೂ ನಿಮಗೆ ಗೊತ್ತಾಯಿತು, ಅಲ್ವಾ? ಓದುಗರಾದರೆ ಒಂದು ಕ್ಷಣ ತಡೆದು ಮುಂದೆ ಹೋಗುತ್ತಾರೆ. ಕತೆ ಬರೆಯುವವರು ಅಲ್ಲೇ ನಿಂತುಬಿಡುತ್ತಾರೆ. 'ದುಃಖ' ಅನ್ನೋ ಪದವೇ ಇಲ್ಲ, ಆದರೂ ಹೊಟ್ಟೆಯಲ್ಲಿ ಏನೋ ಆಯಿತಲ್ಲ, ಅದನ್ನು ಮಾಡಿದ್ದು ಯಾವ ಪದ? ಚಪ್ಪಲಿಯಾ, ಗುಡಿಸಿದ್ದಾ? ನನ್ನ ಪ್ರಕಾರ 'ಸುತ್ತ'. ಅದನ್ನು ತೆಗೆದು ಓದಿ ನೋಡಿ, ಸುಮ್ನೆ ಮನೆಗೆಲಸದ ವರದಿ ಆಗುತ್ತದೆ.

ಬರೆಯಲು ಶುರು ಮಾಡಿದ ಮೇಲೆ ಓದು ಕೆಟ್ಟುಹೋಗುತ್ತದೆ ಎಂದು ಹಲವರು ಗೊಣಗುತ್ತಾರೆ. ನಾನೂ ಗೊಣಗಿದ್ದೇನೆ. ಕತೆಯಲ್ಲಿ ಮುಳುಗೋಣ ಅಂದರೆ ಕಣ್ಣು ಹೊಲಿಗೆ ಹುಡುಕುತ್ತದೆ. ಅದಕ್ಕೇ ಈಗ ಎರಡು ಸಲ ಓದುತ್ತೇನೆ. ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇರುತ್ತದೆ, ಆದರೆ ಟಿಪ್ಪಣಿ ಬರೆಯುವುದಿಲ್ಲ. ಮನಸ್ಸು ಬೇರೆ ಕಡೆ ಹೋದ ಜಾಗದಲ್ಲಿ ಅಂಚಿಗೆ ಒಂದು ಸಣ್ಣ ಗೆರೆ, ಅಷ್ಟೇ. ಯಾಕೆ ಹೋಯಿತು ಅಂತ ಆಗ ಯೋಚಿಸುವುದಿಲ್ಲ.

ಎರಡನೇ ಸಲ ಆ ಗೆರೆಗಳಿಗೆ ಮರಳುತ್ತೇನೆ. ಇಲ್ಲಿ ಒಂದು ವಿಚಿತ್ರ ಇದೆ. ಬೇಸರ ಬಂದ ಪುಟದಲ್ಲಿ ತಪ್ಪು ಸಿಗುವುದು ಕಡಿಮೆ. ಅದು ಹತ್ತಿಪ್ಪತ್ತು ಪುಟ ಹಿಂದೆ ಇರುತ್ತದೆ. ಒಂದು ಉದಾಹರಣೆ ಕಟ್ಟೋಣ. ಕಾದಂಬರಿಯಲ್ಲಿ ಒಬ್ಬಳಿಗೆ ಒಂದು ಪತ್ರ ಬಂದಿದೆ, ಅವಳು ಬಿಚ್ಚಿಲ್ಲ. 60ನೇ ಪುಟದ ಜಗಳದಲ್ಲಿ ನಮಗೆ ಆಕಳಿಕೆ. ಜಗಳ ಚೆನ್ನಾಗಿಯೇ ಇದೆ. ಆದರೆ 45ನೇ ಪುಟದಲ್ಲಿ ಪಕ್ಕದ ಪಾತ್ರವೊಂದು ಪತ್ರದಲ್ಲಿ ಏನಿದೆ ಅಂತ ಹೇಳಿಬಿಟ್ಟಿದೆ. ನಮ್ಮನ್ನು ಪುಟ ತಿರುಗಿಸುವಂತೆ ಮಾಡುತ್ತಿದ್ದ ಪ್ರಶ್ನೆ ಅಲ್ಲೇ ಸತ್ತಿದೆ. ಅದು ಗೊತ್ತಾಗಲು ನಮಗೆ ಹದಿನೈದು ಪುಟ ಬೇಕಾಯಿತು.

ಈಗ ವಿಮರ್ಶೆಗೆ ಬರೋಣ. ವಿಮರ್ಶೆ ಬರೆಯದೆ ಇದ್ದರೆ ಈ ಹುಡುಕಾಟ ಅರ್ಧಕ್ಕೇ ನಿಂತುಹೋಗುತ್ತದೆ. 'ಏನೋ ಸರಿಯಿಲ್ಲ' ಅಂತ ತಲೆಯಲ್ಲಿ ಇಟ್ಟುಕೊಳ್ಳುವುದು ಸುಲಭ. ನಾಲ್ಕು ಜನ ಓದುವಂತೆ ಬರೆಯಬೇಕು ಅಂದಾಗ ಪುಟ ತೋರಿಸಬೇಕಾಗುತ್ತದೆ.

(ಪರದೆಯ ಮೇಲೆ ಒಂದೊಂದಾಗಿ: ಹೃದಯಸ್ಪರ್ಶಿ, ಓದಿಸಿಕೊಂಡು ಹೋಗುತ್ತದೆ, ಸಂಗ್ರಹಯೋಗ್ಯ)

ಈ ಮಾತುಗಳು ನಿಮಗೆ ಚೆನ್ನಾಗಿ ಗೊತ್ತು. ಯಾವ ಪುಸ್ತಕಕ್ಕಾದರೂ ಅಂಟಿಸಬಹುದು, ಬೆನ್ನುಡಿ ಮಾತ್ರ ಓದಿಯೂ ಬರೆಯಬಹುದು. ನಾನು ಇವನ್ನೆಲ್ಲ ಬಳಸಿದ್ದೇನೆ, 'ಓದಿಸಿಕೊಂಡು ಹೋಗುತ್ತದೆ' ಅಂತೂ ಲೆಕ್ಕವಿಲ್ಲದಷ್ಟು ಸಲ. ಈಗ ಅದು ಬೆರಳ ತುದಿಗೆ ಬಂದರೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಎಲ್ಲಿಂದ ಎಲ್ಲಿಗೆ ಓದಿಸಿತು? ಯಾವ ಪ್ರಶ್ನೆ ಕೈ ಹಿಡಿದು ಎಳೆಯಿತು? ಆ ಉತ್ತರವೇ ವಿಮರ್ಶೆ. ಕತೆಯ ಸಾರಾಂಶಕ್ಕೆ ಎರಡು ಮೂರು ವಾಕ್ಯ ಸಾಕು.

ಬರೆಯುವವರು ಇನ್ನೊಬ್ಬರನ್ನು ಓದುವುದರಲ್ಲಿ ಹೊಟ್ಟೆಕಿಚ್ಚೂ ಇರುತ್ತದೆ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ವಾಲ್ಟರ್ ಸ್ಕಾಟ್ ಯುದ್ಧ, ದಂಗೆ, ಚರಿತ್ರೆಯ ಕಾದಂಬರಿಗಳಿಂದ ದೊಡ್ಡ ಹೆಸರು ಮಾಡಿದವರು. ಅದೇ ಕಾಲದ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ 'ಎಮ್ಮಾ' ಕಾದಂಬರಿ ಬಂದಾಗ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಗೆ ವಿಮರ್ಶೆ ಬರೆದದ್ದು ಇವರೇ. 1816ರಲ್ಲಿ ಅದು ಓದುಗರ ಕೈಗೆ ಬಂತು, ಬರೆದವರ ಹೆಸರಿಲ್ಲದೆ. ಎಮ್ಮಾದಲ್ಲಿ ಯುದ್ಧ ಇಲ್ಲ, ಕೋಟೆ ಇಲ್ಲ. ಒಂದು ಸಣ್ಣ ಊರು, ಕೆಲವು ಮನೆಗಳು, ಮದುವೆಯ ಮಾತು. ಹತ್ತು ವರ್ಷದ ಮೇಲೆ, 1826ರ ಮಾರ್ಚ್‌ನಲ್ಲಿ, ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಅನ್ನು ಮತ್ತೊಮ್ಮೆ ಓದಿ ಸ್ಕಾಟ್ ದಿನಚರಿಯಲ್ಲಿ ಮನಸ್ಸು ಬಿಚ್ಚಿದರು. ದೊಡ್ಡ ಸದ್ದು ಮಾಡುವ ಬರಹ ನನಗೂ ಬರುತ್ತದೆ, ಆದರೆ ಸಾಮಾನ್ಯ ಸಂಗತಿಯನ್ನೇ ಸ್ವಾರಸ್ಯ ಮಾಡುವ ಆ ನಯವಾದ ಕೈ ನನಗಿಲ್ಲ ಅನ್ನುವುದು ಅದರ ಸಾರ. ಆಸ್ಟಿನ್ ತೀರಿಕೊಂಡು ಆಗ ಎಂಟು ವರ್ಷ ದಾಟಿತ್ತು. ಅವರ ಮನ ಒಲಿಸಲು ಬರೆದದ್ದಲ್ಲ ಅದು. ನನಗೆ ಬಾರದ್ದು ಇವರಿಗೆ ಹೇಗೆ ಬಂತು ಅಂತ ಕುಳಿತು ನೋಡಿದ ಓದುಗನ ಮಾತು.

ಇದಕ್ಕೆ ಉಲ್ಟಾ ಕತೆಯೂ ಇದೆ. 1963ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಬರ್ಜೆಸ್ ತಮ್ಮದೇ ಕಾದಂಬರಿಯ ವಿಮರ್ಶೆಯನ್ನು ಯಾರ್ಕ್‌ಶೈರ್ ಪೋಸ್ಟ್ ಪತ್ರಿಕೆಯಲ್ಲಿ ಬರೆದರು. ಕಾದಂಬರಿ ಬಂದಿದ್ದು ಜೋಸೆಫ್ ಕೆಲ್ ಅನ್ನುವ ಕಾವ್ಯನಾಮದಲ್ಲಿ. ಪುಸ್ತಕ ತನ್ನ ಕೈಗೇ ಬಂದಾಗ ಸಂಪಾದಕರು ಗೊತ್ತಿದ್ದೇ ತಮಾಷೆಗೆ ಕಳಿಸಿದ್ದಾರೆ ಅಂದುಕೊಂಡೆ ಎಂದು ಅವರು ಆಮೇಲೆ ಹೇಳಿದರು. ಸಂಪಾದಕರಿಗೆ ಗೊತ್ತಿರಲಿಲ್ಲ. ಬರ್ಜೆಸ್ ಅವರಿಗೆ ಅಲ್ಲಿದ್ದ ವಿಮರ್ಶಕರ ಕೆಲಸ ಹೋಯಿತು. ನಗು ಬರುತ್ತದೆ, ಆದರೆ ಗೆಳೆಯರ ಪುಸ್ತಕಕ್ಕೆ ನಾವು ಬರೆಯುವ ವಿಮರ್ಶೆಗೂ ಇದಕ್ಕೂ ಎಷ್ಟು ದೂರ? ನಾನು ಮುನ್ನುಡಿ ಬರೆದ ಪುಸ್ತಕದ ವಿಮರ್ಶೆ ಬರೆಯುವುದಿಲ್ಲ. ಇದರಿಂದ ಒಂದಿಬ್ಬರು ಮುನಿಸಿಕೊಂಡಿದ್ದಾರೆ.

ಬರೆಯುವ ದಿನಗಳಲ್ಲಿ ಏನು ಓದಬೇಕು ಅನ್ನುವುದು ಇನ್ನೊಂದು ತಲೆನೋವು. ಧಾಟಿ ಅಂಟಿಕೊಳ್ಳುತ್ತದೆ, ನೆಗಡಿ ಹಾಗೆ. ಉದ್ದ ವಾಕ್ಯದ ಲೇಖಕರನ್ನು ಒಂದು ವಾರ ಓದಿದರೆ ನನ್ನ ಪಾತ್ರವೂ ಎದ್ದು, ಮುಖ ತೊಳೆದು, ಕಿಟಕಿ ತೆರೆದು, ಹೊರಗೆ ನೋಡಿ, ನಿಟ್ಟುಸಿರು ಬಿಟ್ಟು, ಕೊನೆಗೂ ಕುಳಿತುಕೊಳ್ಳುತ್ತದೆ. ಹಾಗಾಗಿ ಕಾದಂಬರಿ ಬರೆಯುವಾಗ ಕವಿತೆ ಅಥವಾ ಪ್ರವಾಸಕಥನ ಓದುತ್ತೇನೆ. ಏನೂ ಓದದೆ ಇದ್ದರೆ ಮಾತ್ರ ಭಾಷೆ ಒಣಗುತ್ತದೆ.

ವಿಮರ್ಶೆ ನನ್ನ ಬರಹಕ್ಕೆ ಏನು ಮಾಡಿತು ಅಂತ ಹೇಳಿ ಮುಗಿಸುತ್ತೇನೆ. ಒಂದು ಕಾದಂಬರಿಯ ಬಗ್ಗೆ ಬರೆಯುತ್ತಾ, ಇಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ ಎಂದಿದ್ದೆ. ತುಸು ಜಂಬದಿಂದಲೇ. ಎರಡು ವಾರದ ಮೇಲೆ ನನ್ನ ಕರಡು ಪ್ರತಿ ತೆಗೆದೆ. ಮಾತು ಯಾರದ್ದು ಅನ್ನುವುದನ್ನು ಮುಚ್ಚಿ ಸಂಭಾಷಣೆ ಮಾತ್ರ ಓದಿದೆ. ಅಜ್ಜಿ, ಹನ್ನೆರಡು ವರ್ಷದ ಮೊಮ್ಮಗ, ವಕೀಲರು, ಮೂವರೂ ಅಚ್ಚುಕಟ್ಟಾದ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದರು. ಯಾರು ಯಾರು ಅಂತ ನನಗೇ ತಿಳಿಯಲಿಲ್ಲ.

ಈಗ ಅಜ್ಜಿ ಅರ್ಧಕ್ಕೆ ಮಾತು ನಿಲ್ಲಿಸುತ್ತಾಳೆ. ಹುಡುಗ ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೇನೋ ಕೇಳುತ್ತಾನೆ. ವಕೀಲರು ಇನ್ನೂ ನನ್ನ ಹಾಗೇ ಮಾತಾಡುತ್ತಿದ್ದಾರೆ.